ಗೋಡೆಗೆ ಚೆಂಡು, ಚೆಂಡಿಗೆ ಟೊಂಕ

ಫಿಜಿಯೋಥೆರಪಿ ಓದಿ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ನನ್ನನ್ನು ಕಾಣಲು ಬಂದರೆ ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: ‘ಸರ್, ನಿಮ್ಮ ಕಾಲದಲ್ಲಿ ಯಾವ ಯಾವ ಮಷೀನ್ ಇದ್ದವು?’ ಒಂದು ಚೆಂಡಿತ್ತು, ಒಂದು ಗೋಡೆ ಇತ್ತು ಎನ್ನುತ್ತೇನೆ. ಮುದುಕ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ನಗುತ್ತಾರೆ. ತಮಾಷೆಯಲ್ಲ! ವಾದಕ್ಕೆ ಬರುವವರು ಬರಲಿ, ನನ್ನ ಪಕ್ಷವನ್ನು ಮೊದಲೇ ಮಂಡಿಸಿಬಿಡುತ್ತೇನೆ. ಟೊಂಕ ಹಿಡಿದವರ ಬಿಗಿದ ಸ್ನಾಯುವನ್ನು ಸಡಿಲಿಸಲು ಜಗತ್ತಿನಲ್ಲಿರುವ ಅತಿ ಒಳ್ಳೆಯ ಕೈ ನಮ್ಮದಲ್ಲ, ಆ ಟೊಂಕದ ಒಡೆಯರದು. ಅವರ ನೋವು ನಮ್ಮ ಕೈಗೆ ಬರೀ ಊಹೆ, ಅವರ ಕೈಗೆ ಅದು ಖಾತ್ರಿ. ಇದನ್ನು ನನಗೆ ಕಾಲೇಜು ಕಲಿಸಲಿಲ್ಲ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕಿನ ಗೋಡೆಗಳಿಗೆ ಬೆನ್ನು ಕೊಟ್ಟು ನಿಂತು ಕಲಿತೆ.

ಕಾಲೇಜಿನಲ್ಲಿ ನಾನು ಚರ್ಚಾಪಟು. ಪರವಾಗಿ ಮಾತಾಡೆಂದರೆ ಪರ, ವಿರೋಧವಾಗಿ ಎಂದರೆ ವಿರೋಧ, ಎರಡೂ ಕಡೆ ಗೆದ್ದು ಬರುತ್ತಿದ್ದೆ. ತಾಯತ, ಶಕುನ, ದೃಷ್ಟಿ ತೆಗೆಯುವುದು, ಯಾವುದನ್ನೂ ಬಿಟ್ಟವನಲ್ಲ. ‘ಸಾಕ್ಷಿ ಎಲ್ಲಿ?’ ಎಂಬುದು ನನ್ನ ಬಾಯಿಪಾಠ. ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದರೂ ಸಾಕ್ಷಿ ಕೇಳುವಷ್ಟು ಕೆಟ್ಟಿದ್ದೆ. ಹೀಗಿದ್ದವನು ಎಂಬತ್ತರ ದಶಕದ ಆರಂಭದಲ್ಲಿ ಒಂದು ಸೇವಾ ಸಂಸ್ಥೆಯ ಸಂಚಾರಿ ಚಿಕಿತ್ಸಾ ಜೀಪಿಗೆ ಸೇರಿಕೊಂಡೆ. ಸೋಮವಾರ ಆಳಂದ, ಬುಧವಾರ ಅಫಜಲಪುರ, ಶುಕ್ರವಾರ ಜೇವರ್ಗಿ. ಒಂದೊಂದು ಊರಲ್ಲೂ ನಮಗೊಂದು ಬಾಡಿಗೆ ಕೋಣೆ, ಅದರ ಮುಂದೊಂದು ಪಡಸಾಲೆ. ಜೀಪಿನ ಮುಂದಿನ ಸೀಟಿನಲ್ಲಿ ಹಿರಿಯ ಡಾಕ್ಟರ್ ಇನಾಮದಾರ ಸರ್, ಹಿಂದಿನ ಸೀಟಿನಲ್ಲಿ ನಾನು, ನನ್ನ ತೊಡೆಯ ಮೇಲೆ ಕೂಸಿನ ಹಾಗೆ ಶಾಖ ಕೊಡುವ ಯಂತ್ರ.

ಇನಾಮದಾರ ಸರ್ ಮೊದಲ ದಿನವೇ ನನಗೊಂದು ಹೆಸರಿಟ್ಟರು. ದಾರಿಯುದ್ದಕ್ಕೂ ನಾನು ಹೊಸ ಚಿಕಿತ್ಸಾ ಕ್ರಮಗಳ ಬಗ್ಗೆ ಹೇಳುತ್ತಲೇ ಇದ್ದೆ. ಅವರು ಬಾಯಿಯ ಎಲೆಯನ್ನು ಕಿಟಕಿಯಾಚೆ ಉಗಿದು, ‘ಏ ವಕೀಲ, ಭಾಷಣ ಬಂದ್ ಮಾಡು, ಕೈ ಚಾಲೂ ಮಾಡು’ ಎಂದರು. ಟೊಂಕ ನೋವಿಗೆ ಅವರ ಔಷಧ ಆ ಕಾಲದ ಎಲ್ಲ ಡಾಕ್ಟರರ ಔಷಧವೇ: ಗುಳಿಗೆ, ಮತ್ತು ಹಲಗೆಯ ಮೇಲೆ ವಾರಗಟ್ಟಲೆ ಮಲಗುವುದು. ಹೊಲ ಮನೆ ಬಿಟ್ಟು ಯಾರು ಮಲಗುತ್ತಾರೆ ಸರ್ ಎಂದು ಕೇಳಿದರೆ, ‘ಅದು ಪ್ರಶ್ನಾ, ಉತ್ತರ ನನ್ನ ಹತ್ರನೂ ಇಲ್ಲ’ ಎನ್ನುವಷ್ಟು ಪ್ರಾಮಾಣಿಕರು.

ಆಳಂದದ ಮೊದಲ ಸೋಮವಾರ ಯಂತ್ರವನ್ನು ಮೇಜಿನ ಮೇಲಿಟ್ಟೆ, ಕರೆಂಟ್ ಹೋಯಿತು. ಕೈಯಿಂದಲೇ ನೀವೋಣವೆಂದು ಅಂಗಿಯ ತೋಳು ಮಡಚಿದೆ. ಹತ್ತಿ ಬಿಡಿಸಿ ಬಿಡಿಸಿ ನಡು ಹಿಡಿದಿದ್ದ ಹೆಂಗಸೊಬ್ಬಳು ಸೆರಗು ಬಿಗಿ ಮಾಡಿಕೊಂಡು ಎದ್ದೇಬಿಟ್ಟಳು.

‘ಗಂಡಸರ ಮುಂದ ಬೋರಲ ಮಲಗು ಅಂದ್ರ ಹ್ಯಾಂಗ್ರಿ ಸಾಬ್ರ? ನೋವೇ ಇರಲಿ ತಗೋರಿ.’

ಯಂತ್ರ ಹೋಯಿತು, ಕೈಯೂ ಹೋಯಿತು. ನನ್ನ ಚೀಲದಲ್ಲಿ ಒಂದು ಹಳೆಯ ಟೆನಿಸ್ ಚೆಂಡಿತ್ತು, ಬೆರಳಿನ ಬಲಕ್ಕೆಂದು ಹಿಚುಕುತ್ತಿದ್ದೆ. ಅದನ್ನು ಗೋಡೆಗೂ ನನ್ನ ಟೊಂಕಕ್ಕೂ ನಡುವೆ ಇಟ್ಟುಕೊಂಡು, ಪಾದ ತುಸು ಮುಂದಿಟ್ಟು, ಮೊಣಕಾಲು ಬಗ್ಗಿಸುತ್ತ ಏರಿಳಿದು ತೋರಿಸಿದೆ. ಪಡಸಾಲೆಯಲ್ಲಿದ್ದವರೆಲ್ಲ ನಗತೊಡಗಿದರು. 

‘ನೋಡ್ರವ್ವಾ, ನಮ್ಮ ಎಮ್ಮಿನೂ ಹಿಂಗೇ ಕಂಬಕ್ಕ ಮೈ ತಿಕ್ಕತದ!’ ಎಂದಳು ಅದೇ ಹೆಂಗಸು.

‘ನಿಮ್ಮ ಎಮ್ಮಿಗೆ ಟೊಂಕ ನೋವು ಅದ ಏನ್ರಿ?’ ಎಂದೆ.

‘ಇಲ್ಲ.’

‘ಯಾಕಿಲ್ಲ, ಹೇಳ್ರಿ ಮತ್ತ!’

ಚರ್ಚಾಕೂಟದಲ್ಲಿ ಇಂಥ ವಾದ ಹೂಡಿದ್ದರೆ ನನ್ನನ್ನು ವೇದಿಕೆಯಿಂದ ಇಳಿಸುತ್ತಿದ್ದರು. ಆಳಂದದಲ್ಲಿ ಗೆದ್ದೆ! ಆಕೆ ಚೆಂಡು ಇಸಿದುಕೊಂಡು ಗೋಡೆಗೆ ಒರಗಿದಳು. ಅದಕ್ಕೂ ಮುಂಚೆ ನಾನೊಂದು ಶರತ್ತು ಹಾಕಿದ್ದೆ: ಮೊದಲು ಮುಂದಕ್ಕೆ ಬಾಗಬೇಕು, ಬೆರಳು ಎಲ್ಲಿಗೆ ಮುಟ್ಟುತ್ತದೆ ಎಂದು ನೆರೆದವರೆಲ್ಲ ನೋಡಬೇಕು. ಮೊಣಕಾಲಿನ ಹತ್ತಿರವೇ ನಿಂತಿತ್ತು. ಟೊಂಕದ ಕೆಳಗೆ, ಕುಂಡಿಯ ದಪ್ಪ ಮಾಂಸದಲ್ಲಿ ಎಲ್ಲಿ ಒತ್ತಿದರೆ ‘ಹಾಂ, ಇದೇ’ ಅನಿಸುತ್ತದೋ ಅಲ್ಲಿ ಚೆಂಡು ನಿಲ್ಲಿಸಿ, ಉಸಿರು ಹಿಡಿಯದೆ, ಆ ಗಂಟು ಕರಗುವ ತನಕ ಕಾಯಲು ಹೇಳಿದೆ. ಆಮೇಲೆ ಮತ್ತೆ ಬಾಗಿದಳು. ಬೆರಳು ಮೊಣಕಾಲು ದಾಟಿ ಇಳಿಯಿತು. ‘ಅಯ್ಯ ಶಿವನೇ!’ ಎಂದಳು. ಅಯ್ಯ ಶಿವನೇ ಎಂದು ನಾನೂ ಮನಸ್ಸಿನಲ್ಲೇ ಕೂಗಿದೆ, ನಾಸ್ತಿಕನಾಗಿದ್ದರೂ! ಸಾಕ್ಷಿ ಎಲ್ಲಿ ಎಂದು ಕೇಳುತ್ತ ಬಂದವನಿಗೆ ಸಾಕ್ಷಿ ಕಣ್ಣೆದುರೇ ಬಾಗಿ ನಿಂತಿತ್ತು.

ಕಿರಿಯರೇ, ಈ ‘ಮೊದಲು ಬಾಗು, ಆಮೇಲೆ ಬಾಗು’ ಎಂಬ ಪರೀಕ್ಷೆಯನ್ನು ಬಿಡಬೇಡಿ. ಗುಣವಾಯಿತು ಎಂದು ನೀವು ಹೇಳಿದರೆ ಅದು ಭಾಷಣ, ಅವರ ಬೆರಳು ಹೇಳಿದರೆ ಅದು ವಿದ್ಯೆ. ಇನ್ನೊಂದು ಮಾತು. ಪೃಷ್ಠದ ಸ್ನಾಯು ಎಂದು ನಾನು ಶುದ್ಧ ಕನ್ನಡದಲ್ಲಿ ಹೇಳುತ್ತಿದ್ದ ದಿನಗಳಲ್ಲಿ ಎಲ್ಲರೂ ತಲೆಯಾಡಿಸುತ್ತಿದ್ದರು, ಒಬ್ಬರೂ ಮಾಡುತ್ತಿರಲಿಲ್ಲ. ಕುಂಡಿ ಎಂದ ದಿನದಿಂದ ಎಲ್ಲರೂ ನಕ್ಕರು, ಎಲ್ಲರೂ ಮಾಡಿದರು.

ಇನ್ನು ಜೇವರ್ಗಿಯ ಪ್ರಸಂಗ. ನೆಲೋಗಿ ಕಡೆಯ ಬಸ್ಸಿನ ಕಂಡಕ್ಟರ್ ಮಲ್ಲಿನಾಥ ದಿನವಿಡೀ ನಿಂತು ತೂಗಾಡಿ ಟೊಂಕ ಕಳೆದುಕೊಂಡಿದ್ದ. ಅವನಿಗೆ ಅದೇ ಟೆನಿಸ್ ಚೆಂಡು ಕೊಟ್ಟು, ತೋರಿಸಿ ಕಳಿಸಿದೆ. ಮುಂದಿನ ಶುಕ್ರವಾರ ಆಸಾಮಿ ಮೊದಲಿಗಿಂತ ಸೊಟ್ಟಗಾಗಿ ಬಂದ.

‘ಏನ್ ಮಾಡಿದ್ಯೋ ಮಾರಾಯಾ?’

‘ನೀವ್ ಹೇಳಿದ್ದೇ ಮಾಡೇನ್ರಿ. ನಡು ಎಲುಬಿನ ಮ್ಯಾಲೇ ಇಟ್ಟು ಒತ್ತೇನಿ. ಜೋರ್ ಒತ್ತಿದಷ್ಟ ಲಗೂ ಆರಾಮ ಆಗ್ತದಂತ ನಮ್ಮ ಡ್ರೈವರ್ ಅಂದ. ಅವನೂ ಜರಾ ಎದಿ ಮ್ಯಾಲ ಕೈ ಇಟ್ಟು ನೂಕಿದ.’

ಬೆನ್ನೆಲುಬನ್ನು ಬಿಟ್ಟು ಅದರ ಎರಡೂ ಬದಿಯ ಮಾಂಸದ ಮೇಲೆ ಎಂದು ನಾನು ತೋರಿಸಿದ್ದೆ, ಬಾಯಿಬಿಟ್ಟು ಹೇಳಿರಲಿಲ್ಲ. ತೋರಿಸುವುದು ಬೇರೆ, ಹೇಳುವುದು ಬೇರೆ, ಅವರಿಂದ ತಿರುಗಿ ಹೇಳಿಸುವುದು ಬೇರೆ. ಮೂರೂ ಆಗಬೇಕು. ಅಂದಿನಿಂದ ಮೂರು ನಿಯಮಗಳನ್ನು ಪ್ರತಿಯೊಬ್ಬರ ಬಾಯಿಂದ ಹೇಳಿಸಿಯೇ ಕಳಿಸುತ್ತಿದ್ದೆ. ಎಲುಬಿನ ಮೇಲೆ ಬೇಡ. ಹಲ್ಲು ಕಚ್ಚುವಷ್ಟು ಒತ್ತಬೇಡ, ನೋಯುತ್ತಲೇ ಹಿತವೆನಿಸಬೇಕು. ಕಾಲಿಗೆ ಜೋಮು ಇಳಿದರೆ, ಕಾಲು ಸೋತರೆ, ಒಂದಕ್ಕೆ ಹೋಗುವುದರಲ್ಲಿ ಹೆಚ್ಚುಕಮ್ಮಿಯಾದರೆ, ಚೆಂಡು ಬಿಸಾಕಿ ಡಾಕ್ಟರ ಹತ್ತಿರ ಓಡಬೇಕು.

ಮಲ್ಲಿನಾಥ ಸರಿಯಾಗಿ ಮಾಡಿದ, ಆರಾಮವಾದ. ನಿಜವಾದ ಫಜೀತಿ ಶುರುವಾದದ್ದು ಅವನು ಆರಾಮವಾದ ಮೇಲೆಯೇ! ಬಸ್ಸಿನಲ್ಲಿ ಟಿಕೆಟ್ ಹರಿಯುತ್ತ ಊರೂರಿಗೂ ಸುದ್ದಿ ಹಂಚಿದ. ಮುಂದಿನ ಶುಕ್ರವಾರ ಕೋಣೆಯ ಮುಂದೆ ಜನ ಗಿಜಿಗುಟ್ಟುತ್ತಿದ್ದರು. ಯಾರಿಗೂ ವ್ಯಾಯಾಮ ಬೇಡ, ಚೆಂಡು ಬೇಕು. ಅದೂ ಮಲ್ಲಿನಾಥನಿಗೆ ಕೊಟ್ಟ ಚೆಂಡೇ ಬೇಕು. ಅವನು ಅದನ್ನು ವಸ್ತ್ರದಲ್ಲಿ ಸುತ್ತಿ ತಂದಿದ್ದ. ಬಿಚ್ಚಿ ನೋಡುತ್ತೇನೆ, ಚೆಂಡಿಗೆ ಮೂರು ಎಳೆ ವಿಭೂತಿ! ಮುದುಕನೊಬ್ಬ ಮುಂದೆ ಬಂದು ಕೈ ಮುಗಿದ.

‘ಸಾಬ್ರ, ಒಮ್ಮೆ ನಡಕ್ಕ ಮುಟ್ಟಿಸಿ ಕೊಡ್ರಿ ಸಾಕು. ಒತ್ತೋದು ಏನ್ ಬ್ಯಾಡ.’

ಜೀವಮಾನವಿಡೀ ತಾಯತದ ವಿರುದ್ಧ ಮಾತಾಡಿದವನು ನಾನೇ ಒಂದು ತಾಯತ ಹಂಚಿದ್ದೆ. ಇನಾಮದಾರ ಸರ್ ಕುರ್ಚಿಯಲ್ಲಿ ಬಿದ್ದು ಬಿದ್ದು ನಕ್ಕರು. ‘ಏ ವಕೀಲ, ನಿನ್ನ ದೇವಸ್ಥಾನ ಚಾಲೂ ಆತಲ್ಲೋ! ಪೂಜಾರಿಕಿ ಯಾರಿಗಿ ಕೊಡ್ತಿ?’

ನನಗೆ ಉರಿದುಹೋಯಿತು. ಚೆಂಡನ್ನು ಜೇಬಿಗಿಳಿಸಿ ಎಲ್ಲರಿಗೂ ಕೇಳುವಂತೆ ಸಾರಿದೆ: ಇನ್ನು ಮೇಲೆ ನಾನು ಯಾರಿಗೂ ಚೆಂಡು ಕೊಡುವುದಿಲ್ಲ. ಮನೆಯ ಹಳೆಯ ಧೋತರ, ಹರಿದ ಸೀರೆ ತೆಗೆದುಕೊಳ್ಳಿ, ಬಿಗಿಯಾಗಿ ಸುತ್ತಿ, ಸುತಳಿಯಿಂದ ಬಿಗಿದು ನಿಮ್ಮ ಚೆಂಡು ನೀವೇ ಮಾಡಿಕೊಳ್ಳಿ. ಅರ್ಧ ಜನ ಅಲ್ಲೇ ಎದ್ದು ಹೋದರು. ಹೋಗಲಿ. ಉಳಿದ ಅರ್ಧ ಜನ ಅರಿವೆ ಚೆಂಡು ಕಟ್ಟಿಕೊಂಡು ಬಂದು ಗೋಡೆಗೆ ಸಾಲಾಗಿ ನಿಂತರು. ಆ ಸಾಲು ಕಂಡ ಖುಷಿಯನ್ನು ಯಾವ ಬಹುಮಾನದ ಕಪ್ಪೂ ನನಗೆ ಕೊಟ್ಟಿರಲಿಲ್ಲ.

ಆದರೆ ಅಫಜಲಪುರದಲ್ಲಿ ನನ್ನ ಗೋಡೆಗೆ ಯಾರೂ ಬರಲೇ ಇಲ್ಲ. ವಿಚಾರಿಸಿದರೆ ಎಲ್ಲರದೂ ಒಂದೇ ಉತ್ತರ: ‘ನಾಗಮ್ಮನ ಕಾಲು ಇರಬೇಕಾದ್ರ ಚೆಂಡು ಯಾಕ್ರಿ?’

ನಾಗಮ್ಮ ಅತನೂರಿನವಳು, ಐವತ್ತರ ಆಸುಪಾಸಿನ ವಿಧವೆ. ಬಸ್ ಸ್ಟ್ಯಾಂಡ್ ಹತ್ತಿರದ ಸಿದ್ದಣ್ಣನ ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುವ ಕೆಲಸ. ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವಳು. ಹಾಗೆ ಹುಟ್ಟಿದವರು ಪಾದದಿಂದ ತುಳಿದರೆ ಹಿಡಿದ ಟೊಂಕ ಬಿಡುತ್ತದೆ ಎಂದು ಆ ಸೀಮೆಯಲ್ಲೆಲ್ಲ ನಂಬಿಕೆ. ಬೆಳಗಿನ ರೊಟ್ಟಿ ಮುಗಿದ ಮೇಲೆ ಖಾನಾವಳಿಯ ಹಿತ್ತಲಲ್ಲಿ ಜನ ಬೋರಲು ಮಲಗುತ್ತಿದ್ದರು. ಆಕೆ ಗೋಡೆ ಹಿಡಿದು ನಿಂತು ತುಳಿಯುತ್ತಿದ್ದಳು. ಕವಡೆ ಕಾಸು ಮುಟ್ಟುತ್ತಿರಲಿಲ್ಲ.

ಇಂಥ ಪ್ರತಿವಾದಿಯನ್ನು ಬಿಡುವುದುಂಟೆ? ಒಂದು ಬುಧವಾರ ನೇರವಾಗಿ ಹಿತ್ತಲಿಗೆ ಹೋದೆ. ತುಳಿಯುವುದನ್ನು ಕಣ್ಣಿಟ್ಟು ನೋಡಿದೆ. ಎಲುಬು ಬಿಟ್ಟು, ಅದರ ಎರಡೂ ಬದಿಯ ಮಾಂಸದ ಮೇಲಷ್ಟೇ ಪಾದ ಇಡುತ್ತಿದ್ದಳು, ನನ್ನ ಚೆಂಡಿನ ಜಾಗದಲ್ಲೇ!

‘ಅವ್ವಾರ, ಒಂದ್ ಮಾತು ಕೇಳ್ಲೇನು? ನಿಮ್ಮ ಶಕ್ತಿ ಕಾಲಾಗ ಅದನ?’

‘ಹುಟ್ಟಿನಾಗ ಅದ ತಮ್ಮಾ. ನೀ ಯಾರು, ಹೊಸಾ ಡಾಕ್ಟರನ?’

‘ಹುಟ್ಟಿನಾಗ ಇದ್ರ ಎಲ್ಲಿ ತುಳದ್ರೂ ಆರಾಮ ಆಗಬೇಕು. ಎಲುಬಿನ ಮ್ಯಾಲ ಇಡ್ರಿ ನೋಡೋಣ ಪಾದ.’

‘ಹುಚ್ಚ ಅದೀಯೇನ? ಎಲುಬಿನ ಮ್ಯಾಲ ಇಟ್ರ ಮುರೀತದ!’

‘ಹಂಗಾದ್ರ ಶಕ್ತಿ ಹುಟ್ಟಿನಾಗ ಇಲ್ಲ, ಜಾಗಾದಾಗ ಅದ! ಆ ಜಾಗಾಕ್ಕ ಕಾಲು ಒತ್ತಲಿ, ಚೆಂಡು ಒತ್ತಲಿ, ಏನ್ ಫರಕು?’

ಬೋರಲು ಮಲಗಿದ್ದವನು ತಲೆಯೆತ್ತಿ, ‘ಯಕ್ಕಾ, ಇವರ ವಾದ ಮುಗಿಯೂತನ ನಾ ಹಿಂಗೇ ಬಿದ್ದಿರಬೇಕೇನ?’ ಎಂದ. ನಾಗಮ್ಮ ಅವನ ಟೊಂಕಕ್ಕೆ ಇನ್ನೊಂದು ತುಳಿತ ಕೊಟ್ಟು ನನ್ನ ಕಡೆ ತಿರುಗಿದಳು.

‘ಮಾತಿನಾಗ ನೀನ ಗೆದ್ದಿ ತಮ್ಮಾ. ಆದ್ರ ಜನ ನನ್ನ ಕಡೀಗೇ ಬರಾಕತ್ತಾರ. ಅದಕ್ಕೇನ್ ಹೇಳ್ತಿ?’

ಖಾನಾವಳಿಯೊಳಗೆ ಕೂತು ಅವಳದೇ ಎರಡು ರೊಟ್ಟಿ ತಿಂದು ಬಂದೆ. ಸುಡುಸುಡುವ ರೊಟ್ಟಿ, ಹುಳಿಹುಳಿ ಪುಂಡಿಸೊಪ್ಪಿನ ಪಲ್ಲೆ. ಸೋತ ರುಚಿ ಅಷ್ಟು ಚೆನ್ನಾಗಿರುತ್ತದೆಂದು ಗೊತ್ತಿರಲಿಲ್ಲ.

ಕೆಲವು ತಿಂಗಳು ಕಳೆದಿರಬೇಕು. ಒಂದು ಬುಧವಾರ ಸಿದ್ದಣ್ಣನೇ ನಾಗಮ್ಮನನ್ನು ಎತ್ತಿನ ಗಾಡಿಯಲ್ಲಿ ಕೂಡಿಸಿಕೊಂಡು ನಮ್ಮ ಕೋಣೆಗೆ ಕರೆತಂದ. ಒಲೆಯ ಮುಂದೆ ಮುಂದಕ್ಕೆ ಬಾಗಿ ಕುಳಿತು ವರ್ಷಗಟ್ಟಲೆ ರೊಟ್ಟಿ ಬಡಿದ ಟೊಂಕ ಕೊನೆಗೂ ಹಿಡಿದುಕೊಂಡಿತ್ತು. ನೆಲಕ್ಕೆ ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಬೇರೆ ಯಾರಿಂದಲಾದರೂ ತುಳಿಸಿಕೊಳ್ಳಬಹುದಿತ್ತಲ್ಲ ಎಂದರೆ, ತುಳಿಯುವವರು ತುಳಿಸಿಕೊಳ್ಳಬಾರದು ಎಂಬುದು ಆಕೆಯ ನಂಬಿಕೆ. ಊರಿನ ಟೊಂಕವನ್ನೆಲ್ಲ ಬಿಡಿಸಿದವಳಿಗೆ ತನ್ನ ಟೊಂಕಕ್ಕೆ ಗತಿಯಿರಲಿಲ್ಲ.

ಸಿದ್ದಣ್ಣ ನನ್ನನ್ನು ಪಕ್ಕಕ್ಕೆ ಕರೆದ. ‘ನೋಡ್ರಿ ಸರ, ಅಮಾಸಿಗಿ ಘತ್ತರಗಿ ದೇವಿ ಗುಡಿಗಿ ಹೋಗೋ ಮಂದಿ ಪೂರಾ ನಮ್ಮಲ್ಲೇ ಉಣತಾರ. ಅಷ್ಟ್ರಾಗ ನಾಗಕ್ಕ ಒಲಿ ಮುಂದ ಕುಂತ್ರ ಸೈ. ಇಲ್ಲಾಂದ್ರ ನಾ ಬ್ಯಾರೆ ಹೆಣಮಗಳನ್ನ ತರಬೇಕಾಗ್ತದ. ಒಮ್ಮೆ ತಂದ್ರ ಮತ್ತ ತೆಗಿಯಾಕ ಬರಂಗಿಲ್ಲ.’ ಅವನು ಕೆಟ್ಟವನಲ್ಲ. ಒಲೆಗೆ ಯಾರಾದರೂ ಬೇಕಿತ್ತು, ಅಷ್ಟೇ. ಆದರೆ ನಾಗಮ್ಮನಿಗೆ ಆ ಒಲೆಯೇ ಮನೆ, ಆ ಒಲೆಯೇ ಮರ್ಯಾದೆ. ಮಾತು ಅವಳ ಕಿವಿಗೂ ಬಿದ್ದಿತ್ತು.

ಇನಾಮದಾರ ಸರ್ ಕಾಲಿನ ಬಲ, ಸ್ಪರ್ಶ ಎಲ್ಲ ಪರೀಕ್ಷಿಸಿದರು. ನರಕ್ಕೆ ತೊಂದರೆಯಿಲ್ಲ, ಸ್ನಾಯು ಬಿಗಿದಿದೆ ಎಂದರು. ಎಂದಿನಂತೆ ಹಲಗೆಯ ಮೇಲೆ ಮಲಗಲು ಬರೆಯಲು ಹೊರಟವರು ಪೆನ್ನು ನಿಲ್ಲಿಸಿ ನನ್ನತ್ತ ನೋಡಿದರು. ‘ಮಲಗಿದ್ರ ಈಕೀ ಒಲಿ ಹೋಗ್ತದ. ವಕೀಲ, ಕೇಸು ನಿಂದು.’

ಆ ಕ್ಷಣದ ಉತ್ಸಾಹವನ್ನು ಹೇಗೆ ಹೇಳಲಿ! ಓಡಿಹೋಗಿ ಒಂದು ಲಟ್ಟಣಿಗೆ ತಂದೆ, ತೊಡೆಯ ಹಿಂಬದಿಯನ್ನು ಅದರಿಂದ ಉರುಳಿಸಿ ಸಡಿಲಿಸಬೇಕು ಎಂದು ವಿವರಿಸತೊಡಗಿದೆ. ನಾಗಮ್ಮ ಆ ನೋವಿನಲ್ಲೂ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

‘ಕೈಲೆ ರೊಟ್ಟಿ ಬಡಿಯಾಕಿ ಮುಂದ ಲಟ್ಟಣಿಗಿ ಹಿಡ್ಕೊಂಡು ಬಂದೀದಿ? ಇದು ಚಪಾತಿ ಮಂದಿ ಸಾಮಾನು. ನನ್ನ ಕೈಯಾಗ ನಿಲ್ಲಂಗಿಲ್ಲ.’

ಲಟ್ಟಣಿಗೆ ಬದಿಗಿಟ್ಟೆ. ರೊಟ್ಟಿ ಬಡಿದು ಬಡಿದು ಕಲ್ಲಿನಂತಾದ ಅಂಗೈ ಅವಳದು. ಅದಕ್ಕಿಂತ ಒಳ್ಳೆಯ ಸಲಕರಣೆ ಯಾವ ಅಂಗಡಿಯಲ್ಲಿದೆ? ಮುಷ್ಟಿ ಕಟ್ಟಿ ಗೆಣ್ಣುಗಳಿಂದ ಟೊಂಕದ ಎರಡೂ ಬದಿ ಮೇಲಿಂದ ಕೆಳಗೆ ನಿಧಾನವಾಗಿ ಎಳೆಯಲು, ಅಂಗೈಯಿಂದ ತೊಡೆಯನ್ನು ಹಿಟ್ಟು ನಾದುವಂತೆ ನಾದಲು ಹೇಳಿದೆ. ಮತ್ತೆ ಚೆಂಡು. ಅರಿವೆ ಚೆಂಡು ಗೋಡೆಯಿಂದ ಜಾರಿ ಬೀಳುತ್ತಿತ್ತು, ಬಾಗಿ ಎತ್ತಿಕೊಳ್ಳಲು ಅವಳಿಂದ ಆಗದು. ತನ್ನ ಎಲೆ ಅಡಿಕೆಯ ಸಂಚಿಯನ್ನು ಖಾಲಿ ಮಾಡಿ, ಚೆಂಡನ್ನು ಅದರಲ್ಲಿ ತುರುಕಿ, ದಾರವನ್ನು ಹೆಗಲ ಮೇಲಿಂದ ಇಳಿಬಿಟ್ಟು ಕೈಯಲ್ಲಿ ಹಿಡಿದುಕೊಂಡಳು. ಚೆಂಡು ಬೇಕಾದಲ್ಲಿ ನಿಂತಿತು! ಆ ಉಪಾಯವನ್ನು ಮುಂದೆ ನಾನು ಮೂರೂ ತಾಲೂಕಿನಲ್ಲಿ ಹೇಳಿಕೊಟ್ಟೆ, ‘ನಾಗಮ್ಮನ ಸಂಚಿ’ ಎಂದೇ.

‘ಈಗ ಜಾಗಾ ಹುಡುಕ್ರಿ ಅವ್ವಾರ. ಊರ ಮಂದಿ ಟೊಂಕದಾಗ ಕಾಲಿಂದ ಹುಡುಕಿದ್ರಿ. ನಿಮ್ಮದರಾಗ ಹುಡುಕ್ರಿ.’

ಕಣ್ಣು ಮುಚ್ಚಿದಳು. ತುಸು ಎಡಕ್ಕೆ ಸರಿದಳು, ತುಸು ಕೆಳಗಿಳಿದಳು. ಥಟ್ಟನೆ ನಿಂತು, ‘ಇಲ್ಲೇ ಅದಾನ ಕಳ್ಳ!’ ಎಂದಳು. ಇನಾಮದಾರ ಸರ್ ಕುರ್ಚಿಯಿಂದ ಎದ್ದೇ ನಿಂತರು. ಆ ವಾರ ಬುಧವಾರದ ಜೊತೆ ಗುರುವಾರವೂ ಅಫಜಲಪುರದಲ್ಲೇ ಉಳಿದೆವು. ಹೊರಡುವಾಗ ನಾಗಮ್ಮ ತಾನೇ ನಿಯಮಗಳನ್ನು ಒಪ್ಪಿಸಿದಳು, ಕೊನೆಗೆ ಒಂದನ್ನು ಸೇರಿಸಿದಳು ಕೂಡ: ‘ಮತ್ತ ಒಂದೇ ಸವನ ಕುಂದರಬಾರದು. ಒಂದ್ ಮುದ್ದಿ ಹಿಟ್ಟು ಮುಗಿದ್ರ ಏಳಬೇಕು, ಗ್ವಾಡಿಗಿ ನಿಲ್ಲಬೇಕು.’ ಅದನ್ನು ನಾನು ಹೇಳಿರಲಿಲ್ಲ, ಹೇಳಬೇಕಿತ್ತು.

ಅಮಾವಾಸ್ಯೆ ಬುಧವಾರ ಬರಲಿಲ್ಲ, ಆದರೂ ನಾನು ಬಸ್ಸು ಹತ್ತಿ ಹೋದೆ. ಖಾನಾವಳಿಯ ಬಾಗಿಲ ತನಕ ಜನ. ಒಳಗಿನಿಂದ ಪಟಪಟ ರೊಟ್ಟಿ ಬಡಿಯುವ ಸದ್ದು. ಯಾರ ಕೈಯದೋ? ಜನರ ನಡುವೆ ನುಸುಳಿ ಹೋಗಿ ನೋಡಿದೆ. ಒಲೆಯ ಬೆಳಕಿನಲ್ಲಿ ನಾಗಮ್ಮ! ಒಂದು ಕಾಲು ಚಾಚಿ, ಕೆಳಗೆ ಮಡಚಿದ ಗೋಣಿಚೀಲ ಹಾಕಿಕೊಂಡು ಕುಳಿತಿದ್ದಳು. ಹೆಗಲಿಗೆ ಸಂಚಿ.

‘ಅವ್ವಾರ!’ ಎಂದು ಕೂಗಿಯೇಬಿಟ್ಟೆ.

‘ಯಾಕ ಒದರ್ತಿ? ತಾಟ್ ತಗೊಂಡು ಕುಂದರು.’

ಉಂಡ ಮೇಲೂ ನನ್ನೊಳಗಿನ ಸಂಶಯವಾದಿ ಸುಮ್ಮನಿರಲಿಲ್ಲ. ಟೊಂಕ ನೋವು ಎಷ್ಟೋ ಸಲ ತಾನೇ ಬಂದು ತಾನೇ ಹೋಗುತ್ತದೆ. ಹಾಗಾದರೆ ಗುಣವಾದದ್ದು ಚೆಂಡಿನಿಂದಲೋ, ದಿನ ಕಳೆದದ್ದರಿಂದಲೋ? ಒಬ್ಬಳಿಂದ ಏನೂ ಸಾಬೀತಾಗುವುದಿಲ್ಲ. ಆಕೆ ಎದ್ದು ಗೋಡೆಗೆ ಒರಗಿದಾಗ ಇದನ್ನು ಅವಳಿಗೇ ಹೇಳಿದೆ.

‘ತಾನಾಗೇ ಹೋಗಿದ್ರ ಹೋಗಲಿ ಬಿಡು’ ಎಂದಳು ಚೆಂಡನ್ನು ಸರಿಪಡಿಸಿಕೊಳ್ಳುತ್ತ. ‘ಆದ್ರ ಹಿಂದ್ಕ ನೋವು ಬಂದ್ರ ನಾ ಅಂಜತಿದ್ದೆ. ಈಗ ಅಂಜಂಗಿಲ್ಲ. ಇದು ನಿನ್ನ ಲೆಕ್ಕಕ್ಕ ಬರ್ತದೋ ಇಲ್ಲೋ?’

ಆಗ ಬರುತ್ತಿರಲಿಲ್ಲ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ನಮ್ಮ ವಿದ್ಯೆಗೆ ಇನ್ನೂ ಬಹಳ ವರ್ಷ ಹಿಡಿಯಿತು. ಅಷ್ಟರಲ್ಲಿ ವಾರಗಟ್ಟಲೆ ಮಲಗಿಸುವುದು ಬಿಟ್ಟುಹೋಯಿತು. ನನ್ನ ತೊಡೆಯ ಮೇಲಿನ ಯಂತ್ರ ಮೂಲೆ ಸೇರಿತು, ಅದರ ಜಾಗಕ್ಕೆ ಬೇರೆ ಯಂತ್ರಗಳು ಬಂದು ಅವೂ ಹಳತಾದವು. ಅರಿವೆ ಚೆಂಡು ಹಳತಾಗಲಿಲ್ಲ, ಹರಿದರೆ ಇನ್ನೊಂದು ಸುತ್ತಿದರಾಯಿತು. ನಾಗಮ್ಮ ತುಳಿಯುವುದನ್ನು ಬಿಟ್ಟಳೇ ಎಂದು ಕೇಳುತ್ತೀರಿ. ಬಿಡಲಿಲ್ಲ. ತುಳಿದು, ಆಮೇಲೆ ಗೋಡೆಗೆ ನಿಲ್ಲಿಸಿ ಸಂಚಿ ಕೊಡುತ್ತಿದ್ದಳು. ಇದರ ಬಗ್ಗೆ ನಾವಿಬ್ಬರೂ ಪ್ರತಿ ಬುಧವಾರ ಜಗಳವಾಡುತ್ತಿದ್ದೆವು. ಇಬ್ಬರೂ ಸೋಲಲಿಲ್ಲ.

ಆ ಅಮಾವಾಸ್ಯೆ ಕಳೆದು ಬಂದ ಮಳೆಗಾಲದಲ್ಲಿ ನಾನು ಅಫಜಲಪುರದ ಕೋಣೆಯ ಬೀಗ ತೆಗೆಯುತ್ತಿದ್ದಾಗ ಸಿದ್ದಣ್ಣ ಎದುರು ಸಿಕ್ಕ. ಮಾತಿಗೆ ಮಾತು ಬಂದು, ‘ಹಿಂದಿನ ವಾರ ನಾಗಕ್ಕಗ ಮತ್ತ ಟೊಂಕ ಹಿಡದಿತ್ತು ನೋಡ್ರಿ’ ಎಂದ. ಆಮೇಲೆ ಏನಾಯಿತು ಎಂದು ಕೇಳಿದೆ. ‘ಏನಿಲ್ರಿ, ಜರಾ ಗ್ವಾಡಿಗಿ ನಿಂತಳು, ನಾದಕೊಂಡಳು, ಅಡ್ಡಾಡಿದಳು. ಈಗ ಒಲಿ ಮುಂದ ಕುಂತಾಳ’ ಎನ್ನುತ್ತ ಅವನು ನಡೆದ.

ನಾನು ಬೀಗವನ್ನು ಕೈಯಲ್ಲೇ ಹಿಡಿದುಕೊಂಡು ಜೀಪಿನತ್ತ ಓಡಿದೆ. ಇನಾಮದಾರ ಸರ್ ಇನ್ನೂ ಇಳಿದಿರಲಿಲ್ಲ.

‘ಸರ್! ನಾಗಮ್ಮಗ ಮತ್ತ ಟೊಂಕ ಹಿಡದಿತ್ತಂತ್ರಿ!’

ಅವರು ಕನ್ನಡಕದ ಮೇಲಿಂದ ನೋಡಿದರು. ‘ಅದಕ್ಯಾಕ ಪೇಡಾ ಹಂಚೋರಂಗ ಕುಣಿಯಾಕತ್ತೀದಿಲೇ?’

‘ಬರಲಿಲ್ರೀ ಸರ್ ಆಕೀ! ನಮ್ಮ ಕಡೀಗೆ ಬರಲೇ ಇಲ್ಲ!’